ಬಿಟ್ಟುಹೋದ ಟ್ಯಾಗ್ ಹಾಕಿಕೊಡುವುದು ಯಾರ ಕೆಲಸ?

ಕಾಸರಗೋಡಿನ ಬದಿಯಡ್ಕದ ಒಂದು ಅಡಿಕೆ ಅಂಗಡಿಗೆ ದರದ ವೆಬ್ ಪುಟ ಮಾಡಬೇಕು ಅಂತಿಟ್ಟುಕೊಳ್ಳಿ. ಹೊಸತು, ಹಳತು, ಪಟೋರ, ಉಳ್ಳಿ, ಕರಿಗೋಟು. ಐದು ಸಾಲಿನ ಸಣ್ಣ ಟೇಬಲ್. ವೆಬ್ ಪುಟ ಬರೆಯುವ ಎಚ್‌ಟಿಎಂಎಲ್ ಭಾಷೆಯಲ್ಲಿ ಪುಟದ ಒಂದೊಂದು ಭಾಗವನ್ನೂ ಗುರುತಿಸುವುದು ಟ್ಯಾಗ್. ಬರೆಯುವವರು ಟೇಬಲ್ ಟ್ಯಾಗ್ ತೆರೆದ ಕೂಡಲೇ ಸಾಲಿನ ಟ್ಯಾಗ್ ಟಿಆರ್ ಹಾಕುತ್ತಾರೆ. ಮಧ್ಯದಲ್ಲಿ ಬರಬೇಕಾದ, ಸಾಲುಗಳನ್ನು ಒಟ್ಟಿಗೆ ಹಿಡಿದಿಡುವ ಟಿಬಾಡಿಯನ್ನು ಬರೆಯುವವರು ಕಡಿಮೆ. ಎಚ್‌ಟಿಎಂಎಲ್‌ನಲ್ಲಿ ಅದು ತಪ್ಪೂ ಅಲ್ಲ, ಬಿಡಬಹುದು ಅಂತ ನಿಯಮವೇ ಇದೆ. ಬ್ರೌಸರ್ ಓದುವಾಗ ತಾನೇ ಒಂದು ಟಿಬಾಡಿ ಸೇರಿಸಿಕೊಳ್ಳುತ್ತದೆ.

ತಕರಾರು ಬರುವುದು ಇದೇ ಪುಟವನ್ನು, ಪುಟ ಕಟ್ಟಲು ನೆರವಾಗುವ ಸಿದ್ಧ ಕೋಡಿನಲ್ಲಿ, ಅಂದರೆ ರಿಯಾಕ್ಟ್‌ನಂಥ ಫ್ರೇಮ್‌ವರ್ಕ್‌ನಲ್ಲಿ ಮಾಡಿದಾಗ. ಸರ್ವರ್‌ನಿಂದ ಬಂದ ಎಚ್‌ಟಿಎಂಎಲ್‌ಗೆ ಬ್ರೌಸರ್ ಟಿಬಾಡಿ ಸೇರಿಸಿರುತ್ತದೆ. ಫ್ರೇಮ್‌ವರ್ಕ್‌ನ ಲೆಕ್ಕದಲ್ಲಿ ಅದು ಇರುವುದಿಲ್ಲ. ಎರಡೂ ತಾಳೆಯಾಗದೆ, ತಪ್ಪುಗಳನ್ನು ತೋರಿಸುವ ಬ್ರೌಸರ್‌ನ ಕನ್ಸೋಲ್ ಪೂರ್ತಿ ಕೆಂಪು ಸಾಲು. ಹಾಗಾದರೆ ಫ್ರೇಮ್‌ವರ್ಕ್ ಮೊದಲೇ ಸರಿ ಮಾಡಿ ಕಳಿಸಬಾರದೇ? ಈ ಪ್ರಶ್ನೆ ಈಗಿನದ್ದಲ್ಲ, ವೆಬ್‌ನಷ್ಟೇ ಹಳೆಯದು.

1991ರಲ್ಲಿ, ವೆಬ್ ಹುಟ್ಟಿದ ಯುರೋಪಿನ ಭೌತವಿಜ್ಞಾನ ಪ್ರಯೋಗಾಲಯ ಸರ್ನ್‌ನ ಟಿಮ್ ಬರ್ನರ್ಸ್-ಲೀ ಎಚ್‌ಟಿಎಂಎಲ್ ಟ್ಯಾಗ್‌ಗಳ ಮೊದಲ ಪಟ್ಟಿ ಕೊಟ್ಟಾಗ ಅದರಲ್ಲಿ ಇದ್ದದ್ದೇ ಬೆರಳೆಣಿಕೆಗಿಂತ ಸ್ವಲ್ಪ ಜಾಸ್ತಿ. ಜನ ಕೈಯಲ್ಲೇ ಬರೆಯುತ್ತಿದ್ದರು, ತಪ್ಪುತ್ತಿದ್ದರು. ಬ್ರೌಸರ್‌ಗಳು ಸಿಕ್ಕಿದ್ದನ್ನು ಹೇಗೋ ತೋರಿಸುತ್ತಿದ್ದವು. 1995ರ ಹೊತ್ತಿಗೆ ನೆಟ್‌ಸ್ಕೇಪ್ ಮತ್ತು ಇಂಟರ್ನೆಟ್ ಎಕ್ಸ್‌ಪ್ಲೋರರ್ ಜಿದ್ದಿಗೆ ಬಿದ್ದವು. ಟೇಬಲ್‌ನ ಕೊನೆಯ ಟ್ಯಾಗ್ ಮರೆತರೆ ನೆಟ್‌ಸ್ಕೇಪ್ ಆ ಟೇಬಲನ್ನೇ ತೋರಿಸುತ್ತಿರಲಿಲ್ಲ, ಎಕ್ಸ್‌ಪ್ಲೋರರ್ ತೋರಿಸುತ್ತಿತ್ತು. ನೋಡುವವರು ಬೈಯುವುದು ಯಾರನ್ನು? ಪುಟ ಬರೆದವರನ್ನಂತೂ ಅಲ್ಲ. ತಪ್ಪನ್ನು ಸಹಿಸುವುದೇ ವ್ಯಾಪಾರದ ಗುಟ್ಟಾಯಿತು. ಆದರೆ ಒಂದೊಂದು ಬ್ರೌಸರ್ ಒಂದೊಂದು ಥರ ರಿಪೇರಿ ಮಾಡುತ್ತಿತ್ತು.

ಇದಕ್ಕೆ ಮದ್ದು ಅಂತ 2000ದ ಜನವರಿಯಲ್ಲಿ, ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ ಎಕ್ಸ್‌ಎಚ್‌ಟಿಎಂಎಲ್ ತಂದಿತು. ಎಕ್ಸ್‌ಎಂಎಲ್ ಎಂಬ ಇನ್ನೊಂದು ಟ್ಯಾಗ್ ಭಾಷೆಯ ಕಟ್ಟುನಿಟ್ಟು. ಒಂದು ಟ್ಯಾಗ್ ಮುಚ್ಚದಿದ್ದರೆ ಪುಟವೇ ಇಲ್ಲ. ಫೈರ್‌ಫಾಕ್ಸ್‌ನಲ್ಲಿ ಹಳದಿ ಬಣ್ಣದ ಎರರ್ ಪುಟ ಬರುತ್ತಿತ್ತು. ಎಕ್ಸ್‌ಪ್ಲೋರರ್ ಮಾತ್ರ 2011ರ 9ನೇ ಆವೃತ್ತಿಯ ತನಕ ಅದನ್ನು ಸರಿಯಾಗಿ ಸ್ವೀಕರಿಸಲೇ ಇಲ್ಲ. ಹಾಗಾಗಿ ಜನ ಎಕ್ಸ್‌ಎಚ್‌ಟಿಎಂಎಲ್ ಬರೆದು ಮಾಮೂಲಿ ಎಚ್‌ಟಿಎಂಎಲ್ ಅಂತಲೇ ಕಳಿಸಿದರು. ಹೆಸರಿಗೆ ಮಡಿ, ಒಳಗೆಲ್ಲ ಹಳೆಯದೇ.

ನಿಜವಾದ ಬದಲಾವಣೆ ಶುರುವಾದದ್ದು 2004ರಲ್ಲಿ. ಆಪಲ್, ಮೊಝಿಲ್ಲಾ, ಒಪೆರಾದವರು ಸೇರಿ ವಾಟ್‌ವಿಗ್ ಎಂಬ ಗುಂಪು ಕಟ್ಟಿದರು. ತಪ್ಪು ಬರೆಯಬೇಡಿ ಅಂತ ಜನರಿಗೆ ಉಪದೇಶ ಮಾಡುವ ಬದಲು, ತಪ್ಪು ಬಂದಾಗ ಬ್ರೌಸರ್ ಏನು ಮಾಡಬೇಕು ಅನ್ನುವುದನ್ನೇ ಹೆಜ್ಜೆ ಹೆಜ್ಜೆಯಾಗಿ ಬರೆದಿಟ್ಟರು. 2014ರ ಅಕ್ಟೋಬರ್‌ನಲ್ಲಿ ಎಚ್‌ಟಿಎಂಎಲ್5 ಅಧಿಕೃತ ಮಾನದಂಡವಾಯಿತು. ಇವತ್ತು ಕ್ರೋಮ್, ಫೈರ್‌ಫಾಕ್ಸ್, ಸಫಾರಿಗೆ ಅದೇ ಮುರುಕು ಎಚ್‌ಟಿಎಂಎಲ್ ಕೊಟ್ಟರೆ ಮೂರೂ ಒಂದೇ ರಚನೆ ಕಟ್ಟುತ್ತವೆ. ವೆಬ್‌ನ ಚರಿತ್ರೆಯಲ್ಲಿ ಇದಕ್ಕೆ ಸಿಗಬೇಕಾದಷ್ಟು ಮರ್ಯಾದೆ ಸಿಕ್ಕಿಲ್ಲ ಅಂತ ನನಗನಿಸುತ್ತದೆ.

ಬ್ರೌಸರ್‌ನ ರಿಪೇರಿ ಈಗ ಊಹೆ ಅಲ್ಲ, ಎಲ್ಲರೂ ಒಪ್ಪಿದ ನಿಯಮ. ಆದರೆ ನಿಯಮ ಅಂದ ಮಾತ್ರಕ್ಕೆ ನಮಗೆ ಬೇಕಾದ್ದೇ ಸಿಗುತ್ತದೆ ಅಂತೇನಿಲ್ಲ. ಪ್ಯಾರಾವನ್ನು ಗುರುತಿಸುವ ಪಿ ಟ್ಯಾಗ್‌ನೊಳಗೆ, ವಿಭಾಗವನ್ನು ಗುರುತಿಸುವ ಡಿವ್ ಹಾಕಿ ನೋಡಿ. ಡಿವ್ ಕಂಡ ಕೂಡಲೇ ಬ್ರೌಸರ್ ಪಿ ಮುಚ್ಚಿಬಿಡುತ್ತದೆ. ಕೊನೆಯಲ್ಲಿ ನೀವು ಬರೆದ ಮುಚ್ಚುವ ಪಿ ಅನಾಥವಾಗುತ್ತದೆ, ಅದಕ್ಕಾಗಿ ಇನ್ನೊಂದು ಖಾಲಿ ಪಿ ಹುಟ್ಟುತ್ತದೆ. ನೀವು ಬರೆದದ್ದು ಒಂದು ಪ್ಯಾರಾ, ಸಿಕ್ಕಿದ್ದು ಎರಡು, ಡಿವ್ ಎರಡರಿಂದಲೂ ಹೊರಗೆ.

ಬ್ರೌಸರ್‌ಗೂ ಮೊದಲೇ ಕೈ ಹಾಕುವ ಅಭ್ಯಾಸವೂ ಹಳೆಯದೇ. ಡೇವ್ ರ್‍ಯಾಗೆಟ್ ಬರೆದ ಟೈಡಿ ಎಂಬ ಉಪಕರಣ ತೊಂಬತ್ತರ ದಶಕದಲ್ಲೇ ಎಚ್‌ಟಿಎಂಎಲ್ ಒಪ್ಪ ಮಾಡಿಕೊಡುತ್ತಿತ್ತು. ಹಳೆಯ ವರ್ಡ್‌ಪ್ರೆಸ್‌ನಲ್ಲಿ ತಪ್ಪು ಜೋಡಣೆಯನ್ನು ತಾನಾಗಿ ಸರಿಪಡಿಸು ಅಂತ ಟಿಕ್ ಹಾಕುವ ಸೆಟ್ಟಿಂಗೇ ಇತ್ತು. ವರ್ಡ್‌ಪ್ರೆಸ್ ಸುಮ್ನೆ ಸೇರಿಸುವ ಪಿ ಟ್ಯಾಗ್‌ಗಳನ್ನು ಕೀಳುವುದರಲ್ಲೇ ಸುಸ್ತಾದವರನ್ನು ನಾನು ಕಂಡಿದ್ದೇನೆ.

2013ರಲ್ಲಿ ಬಂದ ರಿಯಾಕ್ಟ್ ಬೇರೆ ದಾರಿ ಹಿಡಿಯಿತು. ಅದರಲ್ಲಿ ಪುಟ ಬರೆಯುವ ಜೆಎಸ್‌ಎಕ್ಸ್‌ ಎಂಬ ರೀತಿಯಲ್ಲಿ ಟ್ಯಾಗ್ ಮುಚ್ಚದಿದ್ದರೆ ಬಿಲ್ಡ್ ಆಗುವುದೇ ಇಲ್ಲ, ಅಂದರೆ ಪುಟ ಸಿದ್ಧವಾಗುವುದೇ ಇಲ್ಲ. ಎಕ್ಸ್‌ಎಚ್‌ಟಿಎಂಎಲ್‌ನ ಕಟ್ಟುನಿಟ್ಟು ಹಿಂಬಾಗಿಲಿನಿಂದ ಬಂತು, ಆದರೆ ಓದುಗರ ಪರದೆಗಲ್ಲ, ಬರೆಯುವವರ ಮೇಜಿಗೆ. ಅದು ಬರಬೇಕಾದ ಜಾಗವೂ ಅದೇ. ಸ್ವೆಲ್ಟ್ ಎಂಬ ಇನ್ನೊಂದು ಫ್ರೇಮ್‌ವರ್ಕ್‌ನದ್ದು ಇನ್ನೂ ಸ್ಪಷ್ಟ. ಬ್ರೌಸರ್ ರಿಪೇರಿ ಮಾಡಿಕೊಳ್ಳಲಿ ಅಂತ 4ನೇ ಆವೃತ್ತಿ ಟಿಬಾಡಿ ಇಲ್ಲದ ಟೇಬಲನ್ನು ಬಿಟ್ಟುಬಿಡುತ್ತಿತ್ತು. 2024ರ 5ನೇ ಆವೃತ್ತಿ ಕಂಪೈಲ್ ಮಾಡುವಾಗಲೇ ಎರರ್ ಕೊಟ್ಟು ನಿಲ್ಲಿಸುತ್ತದೆ.

ಟಿಬಾಡಿಯನ್ನು ಫ್ರೇಮ್‌ವರ್ಕೇ ಸೇರಿಸಿದರೂ ದೊಡ್ಡ ನಷ್ಟವಿಲ್ಲ, ಅಲ್ವಾ? ಅಲ್ಲಿ ಇರಬಹುದಾದ ಉತ್ತರ ಒಂದೇ. ಅಕ್ಷರಗಳನ್ನು ಓದುವ ಕ್ರಮ, ಅಂದರೆ ಕ್ಯಾರೆಕ್ಟರ್ ಸೆಟ್, ಯುಟಿಎಫ್-8 ಅಂತ ರಿಯಾಕ್ಟ್ ಮೇಲೆ ಕಟ್ಟಿದ ಫ್ರೇಮ್‌ವರ್ಕ್ ನೆಕ್ಸ್ಟ್ ಜೆಎಸ್ ತಾನೇ ಬರೆದುಕೊಡುತ್ತದೆ, ಅದೂ ಒಳ್ಳೆಯದೇ. ಅದಿಲ್ಲದೆ ಕನ್ನಡ ಪುಟ ಅರ್ಥವಿಲ್ಲದ ಅಕ್ಷರಗಳ ರಾಶಿಯಾದದ್ದನ್ನು ನೋಡದವರು ಯಾರು? ಆದರೆ ಬರೆದವರ ಮನಸ್ಸಿನಲ್ಲಿ ಇದ್ದದ್ದನ್ನು ಊಹಿಸಬೇಕಾದ ಕಡೆ ಕೈ ಹಾಕಬಾರದು. ಅಂಗಡಿಯವರು ದರದ ಬೋರ್ಡಿನ ಫೋಟೋ ಹಾಕಿದ್ದಾರೆ, ಅದರಲ್ಲಿ ಏನಿದೆ ಅಂತ ಹೇಳುವ ಆಲ್ಟ್ ಬರೆದಿಲ್ಲ. ಉಪಕರಣವೊಂದು ಖಾಲಿ ಆಲ್ಟ್ ತುಂಬಿತು ಅನ್ನಿ. ಪರೀಕ್ಷೆಯಲ್ಲಿ ಪುಟ ಪಾಸು. ಆದರೆ ಖಾಲಿ ಆಲ್ಟ್ ಅಂದರೆ ಅಲಂಕಾರದ ಚಿತ್ರ ಅಂತ ಅರ್ಥ. ಪರದೆಯಲ್ಲಿ ಇದ್ದದ್ದನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ಅದನ್ನು ದಾಟಿ ಮುಂದೆ ಹೋಗುತ್ತದೆ. ಕಣ್ಣು ಕಾಣದ ಕೃಷಿಕರಿಗೆ ಅಲ್ಲೊಂದು ಫೋಟೋ ಇತ್ತು ಅಂತಲೂ ಗೊತ್ತಾಗುವುದಿಲ್ಲ.

ಕಾಸರಗೋಡಿನಲ್ಲಿ ಇನ್ನೂ ಗೋಜಲಾಗುವುದು ಲ್ಯಾಂಗ್ ಆಟ್ರಿಬ್ಯೂಟ್. ಪುಟ ಯಾವ ಭಾಷೆಯದ್ದು ಅಂತ ಅದು ಹೇಳುತ್ತದೆ. ಸ್ಕ್ರೀನ್ ರೀಡರ್ ಯಾವ ದನಿಯಲ್ಲಿ ಓದಬೇಕು, ಬ್ರೌಸರ್ ಅನುವಾದ ಬೇಕೇ ಅಂತ ಕೇಳಬೇಕೋ ಬೇಡವೋ ಅನ್ನುವುದಕ್ಕೆಲ್ಲ ಅದರ ನೆರವು ಬೇಕು. ನೆಕ್ಸ್ಟ್ ಜೆಎಸ್‌ನ ಸಿದ್ಧ ಟೆಂಪ್ಲೇಟ್‌ನಲ್ಲಿ ಅದು ಇಎನ್, ಅಂದರೆ ಇಂಗ್ಲಿಷ್. ಲಿಪಿ ನೋಡಿ ಫ್ರೇಮ್‌ವರ್ಕೇ ಕೆಎನ್ ಅಂತ ಬದಲಿಸಲಿ ಅನ್ನಬಹುದು. ಮಂಜೇಶ್ವರದಿಂದ ಹೊಸದುರ್ಗದವರೆಗೆ ಕನ್ನಡ ಲಿಪಿಯಲ್ಲಿ ಕಂಡದ್ದೆಲ್ಲ ಕನ್ನಡವೇ? ತುಳುವೂ ಅದರಲ್ಲೇ, ಕೊಂಕಣಿಯೂ ಅದರಲ್ಲೇ. ತುಳುವಿಗೆ ಟಿಸಿವೈ ಅಂತ ಬೇರೆಯೇ ಕೋಡ್ ಇದೆ, 2016ರಿಂದ ತುಳು ವಿಕಿಪೀಡಿಯ ನಡೆಯುತ್ತಿರುವುದೂ ಆ ಕೋಡಿನಲ್ಲೇ. ತುಳು-ತಿಗಳಾರಿ ಲಿಪಿ 2024ರಲ್ಲಿ ಯುನಿಕೋಡ್‌ಗೆ ಸೇರಿದರೂ ದಿನನಿತ್ಯದ ಬರವಣಿಗೆ ಕನ್ನಡ ಅಕ್ಷರದಲ್ಲೇ. ಮೇಲೆ ಮಲಯಾಳ, ಕೆಳಗೆ ಕನ್ನಡ ಇರುವ ನೋಟಿಸ್ ಆದರಂತೂ ಭಾಗ ಭಾಗಕ್ಕೂ ಬೇರೆ ಬೇರೆ ಲ್ಯಾಂಗ್ ಹಾಕಬೇಕು.

ಕೋಡ್ ಪರೀಕ್ಷಿಸುವ ಲಿಂಟರ್‌ಗಳು ಲ್ಯಾಂಗ್ ಇದೆಯೇ, ಕೋಡ್ ಚಾಲ್ತಿಯದ್ದೇ ಅಂತ ಮಾತ್ರ ನೋಡುತ್ತವೆ. ತುಳು ಯಕ್ಷಗಾನದ ಪುಟದ ಮೇಲೆ ಇಎನ್ ಅಂತಿದ್ದರೂ ಅವುಗಳದ್ದು ಏನೂ ತಕರಾರಿಲ್ಲ.