ಪೈ ಬೋರ್ಡಾ, ಹಳೇ ಡೆಸ್ಕ್‌ಟಾಪಾ? ಮಳೆ ಲೆಕ್ಕದ ನೆಪದಲ್ಲಿ ಒಂದು ಟಿಪ್ಪಣಿ

ರಾಸ್ಪ್‌ಬೆರಿ ಪೈ ಅಂದರೆ ಅಂಗೈಯಗಲದ ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರ್. ಅದನ್ನು ಕೊಳ್ಳುವುದಾ, ಹಳೇ ಡೆಸ್ಕ್‌ಟಾಪನ್ನಾ ಅನ್ನುವುದು ಪ್ರಶ್ನೆ. ಬರೀ ಲಿನಕ್ಸ್ (ವಿಂಡೋಸ್ ಬದಲು ಹಾಕಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್) ಕಲಿಯುವುದಕ್ಕಾದರೆ ರಿಫರ್ಬಿಶ್ಡ್, ಅಂದರೆ ಬಳಸಿದ್ದನ್ನು ಸರಿಮಾಡಿ ಮಾರುವ, ಡೆಸ್ಕ್‌ಟಾಪ್ ತೆಗೆದುಕೊಳ್ಳಿ, ಅದರಲ್ಲಿ ಜಾಸ್ತಿ ಚರ್ಚೆ ಬೇಡ. ನನಗೆ ಬೇಕಿದ್ದದ್ದು ಬೇರೆ. ತೋಟದ ಮನೆಯಲ್ಲಿ ಮಳೆ ಲೆಕ್ಕವನ್ನು ತಾನೇ ಬರೆದಿಡುವ ಯಂತ್ರ. ಕೊಡಗಿನಲ್ಲಿ ಮಳೆ ಪುಸ್ತಕ ಇಡದ ಕಾಫಿ ತೋಟ ಕಡಿಮೆ, ಅಲ್ವಾ? ಕಾಫಿ ಹೂ ಅರಳಿಸುವ ಹೂಮಳೆ ಎಷ್ಟು ಸೆಂಟ್ (ಇಂಚಿನ ನೂರರಲ್ಲಿ ಒಂದು) ಬಿತ್ತು ಅನ್ನುವುದರಿಂದಲೇ ಮುಂದಿನ ಫಸಲಿನ ಮಾತು ಶುರು.

ಡೆಸ್ಕ್‌ಟಾಪ್ ಯಾಕೆ ಅಗ್ಗ ಅಂದರೆ, ವಿಂಡೋಸ್ 11 ಹೆಚ್ಚುಕಡಿಮೆ ಇಂಟೆಲ್‌ನ 8ನೇ ತಲೆಮಾರಿನಿಂದ ಈಚಿನ ಪ್ರೊಸೆಸರ್‌ಗಳನ್ನೇ ಕೇಳುತ್ತದೆ, ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗಾಗಿ 6, 7ನೇ ತಲೆಮಾರಿನ ಡೆಸ್ಕ್‌ಟಾಪ್‌ಗಳು, ಅಂದರೆ ಆಪ್ಟಿಪ್ಲೆಕ್ಸ್, ಥಿಂಕ್‌ಸೆಂಟರ್‌ಗಳು ಆಫೀಸುಗಳಿಂದ ಹೊರಬೀಳುತ್ತಿವೆ. ಲಿನಕ್ಸ್‌ಗೆ ಅವು ಇನ್ನೂ ಗಟ್ಟಿಮುಟ್ಟು. ರ‍್ಯಾಮ್ ಸೇರಿಸಬಹುದು, ಡಿಸ್ಕ್ ಬದಲಾಯಿಸಬಹುದು. ರಾಸ್ಪ್‌ಬೆರಿ ಪೈನಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ. ಬೋರ್ಡಿನ ಬೆಲೆಯೊಂದನ್ನೇ ನೋಡಬೇಡಿ. ಚಾರ್ಜರ್, ಮೆಮೊರಿ ಕಾರ್ಡ್, ಕೇಸ್, ಮೈಕ್ರೋ ಎಚ್‌ಡಿಎಂಐ ಕೇಬಲ್ ಎಲ್ಲ ಬೇರೆ. ಪೈ 4ರ ನಂತರದ ಮಾದರಿ ಪೈ 5 ಅಂತೂ 5 ವೋಲ್ಟ್‌ನಲ್ಲಿ 5 ಆಂಪಿಯರ್ ಕೇಳುತ್ತದೆ. ಮನೆಯಲ್ಲಿರುವ ಮೊಬೈಲ್ ಚಾರ್ಜರ್ ಸಿಕ್ಕಿಸಿದರೆ ಆನ್ ಆದೀತು, ಆದರೆ ಯುಎಸ್‌ಬಿಗೆ ಕೊಡುವ ಕರೆಂಟ್ ಕಡಿಮೆ ಮಾಡಿಬಿಡುತ್ತದೆ.

ಇಷ್ಟಕ್ಕೇ ನಿಲ್ಲಿಸಿದರೆ ಪೈ ಸೋತ ಹಾಗೆ. ಆದರೆ ಜೂನ್ ಬರುತ್ತದಲ್ಲ! ಗಾಳಿಗೆ ಸಿಲ್ವರ್ ಮರ ಲೈನಿನ ಮೇಲೆ ಬಿದ್ದರೆ ಎರಡು ದಿನ ಕರೆಂಟ್ ಇಲ್ಲ. ಮಳೆ ಜಾಸ್ತಿ ಬೀಳುವುದೂ ಆಗಲೇ. ಲೆಕ್ಕ ಹಾಕಿ. 12 ವೋಲ್ಟ್, 40 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿ ಅಂದರೆ 480 ವ್ಯಾಟ್-ಗಂಟೆ. ಲೆಡ್ ಆಸಿಡ್ ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಿದರೆ ಬೇಗ ಹಾಳಾಗುತ್ತದೆ, ಅರ್ಧ ಮಾತ್ರ ಬಳಸೋಣ, 240. ಮಾನಿಟರ್ ಇಲ್ಲದ ಪೈ 4 ಸುಮ್ನೆ ಕೂತಾಗ 3-4 ವ್ಯಾಟ್ ಎಳೆಯುತ್ತದೆ, 4 ಅಂದುಕೊಂಡರೆ 60 ಗಂಟೆ, 12 ವೋಲ್ಟನ್ನು 5ಕ್ಕೆ ಇಳಿಸುವಾಗ ಸೋರುವುದನ್ನು ಕಳೆದರೂ ಎರಡು ದಿನ ದಾಟುತ್ತದೆ. ಪುಟ್ಟ ಡೆಸ್ಕ್‌ಟಾಪ್ 15 ವ್ಯಾಟ್ ಅಂದುಕೊಂಡರೆ 16 ಗಂಟೆ, ಅದರಲ್ಲಿ ಇನ್ವರ್ಟರ್ ತಿನ್ನುವುದು ಬೇರೆ.

ಇನ್ನು ಪಿನ್ನುಗಳು. ಮಳೆ ಅಳೆಯುವ ಸಾಧನದ ಒಳಗೆ ತೂಗುಯ್ಯಾಲೆಯ ಹಾಗೆ ಎರಡು ಬಟ್ಟಲು ಇರುತ್ತವೆ. ಒಂದು ತುಂಬಿ ಮಗುಚಿದಾಗ ಸ್ವಿಚ್ ಒಮ್ಮೆ ಕೂಡಿ ಬಿಡುತ್ತದೆ. ಕೆಲವು ಸಾಧನಗಳಲ್ಲಿ ಒಂದು ಮಗುಚು ಅಂದರೆ ಸರಿಯಾಗಿ ಒಂದು ಸೆಂಟ್. ಪೈನ 40 ಪಿನ್ನುಗಳಲ್ಲಿ ಎರಡಕ್ಕೆ ವೈರ್ ಕೊಟ್ಟರೆ ಆಯಿತು. ಡೆಸ್ಕ್‌ಟಾಪಿಗೆ ನೇರವಾಗಿ ಕೊಡಲು ಆಗುವುದಿಲ್ಲ, ನಡುವೆ ಪೈ ಪಿಕೋ ಥರದ್ದೊಂದು ಪುಟ್ಟ ಕಂಟ್ರೋಲರ್ ಬೋರ್ಡ್ ಬೇಕು. ನಿಜ ಹೇಳಬೇಕೆಂದರೆ ಎಣಿಸುವ ಕೆಲಸಕ್ಕೆ ಪಿಕೋ ಒಂದೇ ಸಾಕು, ನಾನು ಕಲಿತದ್ದು ತಡವಾಗಿ.

ಮೊದಲ ಮಳೆಗಾಲದಲ್ಲಿ ಬ್ಯಾಟರಿ ಇಲ್ಲದೆ ಪೈ 4 ಇಟ್ಟೆ. ಕರೆಂಟ್ ಹೋಗಿ ಬಂದು ಹೋಗಿ ಬಂದು, ಬರೆಯುತ್ತಿದ್ದಾಗಲೇ ಆಫ್ ಆಗಿ ಮೆಮೊರಿ ಕಾರ್ಡ್ ಕೆಟ್ಟಿತು. ಹೊಸ ಕಾರ್ಡ್ ಹಾಕಿದ ಮೇಲೆ ಇನ್ನೊಂದು ತಮಾಷೆ. ಪೈ 4ರಲ್ಲಿ ಬ್ಯಾಟರಿ ಗಡಿಯಾರವೇ ಇಲ್ಲ, ಹೊತ್ತು ಎಷ್ಟು ಅಂತ ಇಂಟರ್ನೆಟ್ಟನ್ನು ಕೇಳುತ್ತದೆ. ಕರೆಂಟ್ ಬಂತು, ಇಂಟರ್ನೆಟ್ ಬರಲಿಲ್ಲ. ಅದು ಆಫ್ ಆದ ಹೊತ್ತಿನಿಂದಲೇ ಎಣಿಸತೊಡಗಿತು, ಬುಧವಾರದ ಮಳೆ ಸೋಮವಾರದ ಸಾಲಿಗೆ ಹೋಯಿತು. ಡಿಎಸ್3231 ಅನ್ನುವ, ಸೆಲ್ ಇರುವ ಪುಟ್ಟ ಗಡಿಯಾರ ಹಾಕಿದ ಮೇಲೆ ಸರಿಹೋಯಿತು. ಪೈ 5ರಲ್ಲಿ ಗಡಿಯಾರ ಇದೆ, ಅದರ ಬ್ಯಾಟರಿ ಮಾತ್ರ ಬೇರೆ ಕೊಳ್ಳಬೇಕು. ಡೆಸ್ಕ್‌ಟಾಪಿನಲ್ಲಿ ಎರಡೂ ಇರುತ್ತವೆ, ಆದರೆ ಹಳೇ ಸೆಲ್ ಸತ್ತಿದೆಯೇ ನೋಡಿಕೊಳ್ಳಿ.

ಈಗ ಬ್ಯಾಟರಿಯ ಜೊತೆ ಪೈ ಎಣಿಸುತ್ತದೆ, ಕರೆಂಟ್ ಇದ್ದಾಗ ಒಳಗಿನ ಡೆಸ್ಕ್‌ಟಾಪ್ ಆ ಲೆಕ್ಕವನ್ನು ತಂದಿಟ್ಟುಕೊಳ್ಳುತ್ತದೆ. ಜೋರು ಮಳೆಯಲ್ಲಿ ಪೈ ಲೆಕ್ಕ, ಅಪ್ಪ ಗಾಜಿನ ಅಳತೆಪಾತ್ರೆಯಲ್ಲಿ ಅಳೆದದ್ದಕ್ಕಿಂತ ಯಾವಾಗಲೂ ಕಡಿಮೆ. ಬಟ್ಟಲು ಮಗುಚುವ ಆ ಕ್ಷಣದಲ್ಲಿ ಬಿದ್ದ ನೀರು ಎಣಿಕೆಗೆ ಸಿಗುವುದಿಲ್ಲ, ಹಾಗಾಗಿ ಪುಸ್ತಕಕ್ಕೆ ಹೋಗುವುದು ಇವತ್ತಿಗೂ ಅಪ್ಪನ ಗಾಜಿನ ಅಳತೆಯೇ.