ಒಂದು ಹಳೇ ಕಂಪ್ಯೂಟರ್‌ಗಾಗಿ ಇಡೀ ಆಫೀಸಿನ ಭದ್ರತೆ ತೆಗೆಯಬೇಡಿ

"ಸಾರ್, ನಿನ್ನೆವರೆಗೂ ಪ್ರಿಂಟ್ ಬರ್ತಿತ್ತು. ಅಪ್‌ಡೇಟ್ ಆಯ್ತು, ನಿಂತೇ ಹೋಯ್ತು." ಈ ಫೋನ್ ಬಂದಾಗಲೆಲ್ಲ ನಾನು ಮೊದಲು ಕೇಳುವುದು, ಯೂಟ್ಯೂಬ್ ನೋಡಿ ಏನಾದರೂ ಮಾಡಿದ್ದೀರಾ ಅಂತ. ಕೇಬಲ್, ಸ್ಪೂಲರ್ (ಪ್ರಿಂಟ್‌ಗಳನ್ನು ಸಾಲಿನಲ್ಲಿಟ್ಟು ಕಳಿಸುವ ವಿಂಡೋಸ್ ಸೇವೆ) ರೀಸ್ಟಾರ್ಟ್, ಪ್ರಿಂಟರ್ ಇರುವ ಕಂಪ್ಯೂಟರ್ ಸ್ಲೀಪ್‌ಗೆ ಹೋಗಿದೆಯಾ ಅನ್ನುವುದನ್ನೆಲ್ಲ ನೀವೇ ನೋಡಿರುತ್ತೀರಿ. ನನಗೆ ತಲೆಬಿಸಿ ಆಗುವುದು, ಬೇರೆ ಕಂಪ್ಯೂಟರ್‌ನ ಪ್ರಿಂಟರ್‌ಗೆ ಜೋಡಿಸಲು ಹೋದಾಗ ಬರುವ, 11ಬಿ ಎಂದು ಕೊನೆಯಾಗುವ ಎರರ್‌ಗೆ ಜನ ಮಾಡಿಕೊಳ್ಳುವ ಮದ್ದಿನಿಂದ.

ಕ್ಯಾನನ್ ಎಲ್‌ಬಿಪಿ 2900 ಥರದ ಪ್ರಿಂಟರ್‌ಗೆ ಯುಎಸ್‌ಬಿ ಬಿಟ್ಟರೆ ಬೇರೆ ದಾರಿಯಿಲ್ಲ. ಒಂದು ಕಂಪ್ಯೂಟರ್‌ಗೆ ಹಾಕಿ, ಉಳಿದವರಿಗೆ ಶೇರ್ ಮಾಡಬೇಕು. ಹೀಗೆ ಶೇರ್ ಆದ ಪ್ರಿಂಟರ್ ಜೊತೆಗಿನ ಮಾತುಕತೆಯಲ್ಲಿ ಒಂದು ಭದ್ರತಾ ದೋಷವಿತ್ತು. ಮೈಕ್ರೋಸಾಫ್ಟ್ 2021ರ ಜನವರಿಯಲ್ಲಿ ಅದಕ್ಕೆ ತಿದ್ದುಪಡಿ ಕೊಟ್ಟು, ಸೆಪ್ಟೆಂಬರ್‌ನಲ್ಲಿ ಕಡ್ಡಾಯ ಮಾಡಿತು. ಅಂದಿನಿಂದ ಪ್ರಿಂಟರ್ ಇರುವ ಕಂಪ್ಯೂಟರ್, ಪ್ರಿಂಟ್ ಕೇಳುವ ಕಂಪ್ಯೂಟರ್‌ಗಳು ಎನ್‌ಕ್ರಿಪ್ಟ್ ಮಾಡಿಯೇ (ಬೇರೆಯವರು ಓದಲಾಗದ ಗುಪ್ತರೂಪದಲ್ಲೇ) ಮಾತಾಡಬೇಕು ಅನ್ನುತ್ತದೆ. ಜನವರಿಯ ಅಪ್‌ಡೇಟ್ ಕಾಣದ ಕಂಪ್ಯೂಟರ್‌ಗೆ ಹಾಗೆ ಮಾತಾಡಲು ಬಾರದು. ಆಗ 11ಬಿ ಬರುತ್ತದೆ. ಅಂದರೆ ಅಪ್‌ಡೇಟ್ ಆದ ಕಂಪ್ಯೂಟರ್ ಸರಿಯಾಗಿಯೇ ಇದೆ. ಅಪ್‌ಡೇಟ್ ಆಗದೆ ಉಳಿದ ಇನ್ನೊಂದನ್ನು ನೋಡಬೇಕು. ಇದನ್ನು ಎಷ್ಟು ಸಲ ಹೇಳಿದರೂ ಜನ ಅಪ್‌ಡೇಟನ್ನೇ ಬೈಯುತ್ತಾರೆ.

ಯೂಟ್ಯೂಬ್‌ನವರು ರಿಜಿಸ್ಟ್ರಿಯಲ್ಲಿ (ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳ ಪಟ್ಟಿ) ಈ ಕಡ್ಡಾಯವನ್ನು ಆಫ್ ಮಾಡುವ ಒಂದು ಸೊನ್ನೆ ಹಾಕಿಸುತ್ತಾರೆ. ಪ್ರಿಂಟ್ ಬರುತ್ತದೆ, ನಿಜ. ಆದರೆ ಆ ಸೊನ್ನೆ ಬೀಳುವುದು ಪ್ರಿಂಟರ್ ಇರುವ ಕಂಪ್ಯೂಟರ್‌ನಲ್ಲಿ. ರಕ್ಷಣೆ ಹೋಗುವುದು ಅದಕ್ಕೆ ಜೋಡಿಸಿಕೊಂಡ ಎಲ್ಲರಿಗೂ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತು. ಅಪ್‌ಡೇಟನ್ನೇ ತೆಗೆದರೆ ಆ ತಿಂಗಳ ಉಳಿದ ತಿದ್ದುಪಡಿಗಳೂ ಅದರ ಜೊತೆ ಹೋಗುತ್ತವೆ, ಮುಂದಿನ ತಿಂಗಳ ಅಪ್‌ಡೇಟ್ ಬಂದಾಗ ಎರರ್ ಮತ್ತೆ ಹಾಜರ್.

ಒಂದು ಟ್ಯಾಕ್ಸ್ ಆಫೀಸ್. ಜುಲೈ ಕೊನೆ, ಹೊರಗೆ ಬೆಂಚಿನ ತುಂಬ ಫಾರ್ಮ್ 16 ಹಿಡಿದು ಕೂತ ಜನ. ಅಲ್ಲಿನ ಹುಡುಗಿ ಬಲು ಚುರುಕು. ಕೆಲಸ ನಿಲ್ಲಬಾರದು ಅಂತ ವೀಡಿಯೋದ ಕೆಳಗಿದ್ದ ಜಿಪ್ ಫೈಲ್ ಇಳಿಸಿ, ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಒತ್ತಿದ್ದಳು. ನಾನು ಹೋಗಿ ನೋಡಿದರೆ ಸೊನ್ನೆಯ ಜೊತೆಗೆ ವಿಂಡೋಸ್‌ನ ಆ್ಯಂಟಿವೈರಸ್ ಡಿಫೆಂಡರ್ ಕೂಡ ಆಫ್. ಕಕ್ಷಿದಾರರ ಪ್ಯಾನ್, ಬ್ಯಾಂಕ್ ವಿವರ ಎಲ್ಲ ಇದ್ದದ್ದು ಅದೇ ಕಂಪ್ಯೂಟರ್‌ನಲ್ಲಿ. ಅವಳನ್ನು ಬೈಯಲು ಮನಸ್ಸು ಬರಲಿಲ್ಲ. ಎರರ್ ಕೊಡುತ್ತಿದ್ದದ್ದು ಮೂಲೆಯ ವಿಂಡೋಸ್ 7; ಹಳೇ ಲೆಕ್ಕ ಅದರಲ್ಲಿದೆ ಅಂತ ಯಾರೂ ಮುಟ್ಟಿರಲಿಲ್ಲ.

ಮೊದಲು ಎಲ್ಲ ಕಂಪ್ಯೂಟರ್‌ಗಳ ಅಪ್‌ಡೇಟ್ ಮುಗಿಸಿ. ಪ್ರಿಂಟರ್‌ಗೆ ಲ್ಯಾನ್ ಪೋರ್ಟ್ ಇದ್ದರೆ ಶೇರಿಂಗ್ ಬಿಟ್ಟು ನೇರ ರೂಟರ್‌ಗೆ ಹಾಕಿ, ಅದರ ಐಪಿ (ನೆಟ್‌ವರ್ಕ್ ವಿಳಾಸ) ಬದಲಾಗದಂತೆ ರಿಸರ್ವ್ ಮಾಡಿಸಿ. ಅಪ್‌ಡೇಟ್ ಮಾಡಲಾಗದ ಹಳೇ ಕಂಪ್ಯೂಟರ್ ಇದ್ದರೆ ಅದರಲ್ಲಿ ಪಿಡಿಎಫ್ ಮಾಡಿ, ಬೇರೆ ಕಂಪ್ಯೂಟರ್‌ನಿಂದ ಪ್ರಿಂಟ್ ತೆಗೆಯಿರಿ. ಡ್ರೈವರ್ ಮೊದಲೇ ಹಾಕಿ, ಶೇರ್ ಆದ ಪ್ರಿಂಟರನ್ನು ಲೋಕಲ್ ಪೋರ್ಟ್ ಆಗಿ (ತನ್ನದೇ ಪ್ರಿಂಟರ್ ಎಂಬಂತೆ) ಸೇರಿಸುವ ಉಪಾಯ ಹಲವು ಕಡೆ ನಡೆಯುತ್ತದೆ, ಎಲ್ಲ ಕಡೆ ನಡೆದೇ ನಡೆಯುತ್ತದೆ ಅಂತ ನಾನು ಮಾತು ಕೊಡಲಾರೆ. 709 ಎಂದು ಕೊನೆಯಾಗುವಂಥ ಬೇರೆ ಎರರ್‌ಗಳಿಗೆ ಕಾರಣ ಬೇರೆ ಇರಬಹುದು, ನೋಡದೆ ಹೇಳುವುದು ಸರಿಯಲ್ಲ.

ಈಗಾಗಲೇ ಸೊನ್ನೆ ಹಾಕಿಸಿದ್ದರೆ, ಅಪ್‌ಡೇಟ್ ಮುಗಿದ ಮೇಲೆ ಅದನ್ನು 1 ಮಾಡಿಸಿ, ಸ್ಪೂಲರ್ ರೀಸ್ಟಾರ್ಟ್ ಮಾಡಿ, ಪ್ರತಿ ಕಂಪ್ಯೂಟರ್‌ನಿಂದ ಒಂದೊಂದು ಪ್ರಿಂಟ್ ತೆಗೆದು ನೋಡಿ. ದಯವಿಟ್ಟು ಇದನ್ನು ಜುಲೈ 31ರಂದು ಶುರು ಮಾಡಬೇಡಿ.