ಆ ಹಸಿರು ಗೌನಿನಲ್ಲಿ ಇರುವುದು ನಿಜವಾಗಲೂ ಹುಳದ ರೆಕ್ಕೆನಾ?

ಓದುಗರ ಪ್ರಶ್ನೆ: ಲೇಡಿ ಮ್ಯಾಕ್‌ಬೆತ್ ಅಂತ ಹುಡುಕಿದರೆ, ಹಸಿರು ಗೌನ್ ತೊಟ್ಟು ಕಿರೀಟ ಎತ್ತಿ ಹಿಡಿದ ಹೆಂಗಸಿನ ಚಿತ್ರ ಬರುತ್ತದೆ. ಆಕೆ ಯಾರು? ಆ ಗೌನಿಗೆ ಹುಳದ ರೆಕ್ಕೆ ಹೊಲಿದಿದ್ದರು ಅನ್ನೋದು ನಿಜವಾ?

ನಿಜ. ಅದೂ ಒಂದೆರಡಲ್ಲ, ಸುಮಾರು 1,000 ರೆಕ್ಕೆ. ನಮ್ಮ ಹಳ್ಳಿ ಮಕ್ಕಳು ಬೆಂಕಿಪೊಟ್ಟಣದಲ್ಲಿ ಜಾಲಿ ಸೊಪ್ಪು ಹಾಕಿ ಸಾಕುತ್ತಿದ್ದ ಜೀರ್ಜಿಂಬೆ ನೆನಪಿದೆಯಲ್ಲ, ಅದೇ ಬಳಗದ ಹುಳ. ರೆಕ್ಕೆ ಅಂದರೆ ಹಾರುವ ತೆಳು ರೆಕ್ಕೆ ಅಲ್ಲ, ಬೆನ್ನ ಮೇಲೆ ಮಿರಮಿರ ಮಿನುಗುವ ಗಟ್ಟಿ ಚಿಪ್ಪು. ಅದನ್ನು ಬಟ್ಟೆಗೆ ಕೂರಿಸುವ ಕಸೂತಿ ನಮ್ಮ ದೇಶದಲ್ಲಿ ಹಳೆಯದು. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಶ್ರೀಮಂತ ಹೆಂಗಸರಿಗೂ ಅದರ ಹುಚ್ಚು ಹಿಡಿದಿತ್ತು.

ಚಿತ್ರದಲ್ಲಿರುವವಳು ಲೇಡಿ ಮ್ಯಾಕ್‌ಬೆತ್ ವೇಷ ತೊಟ್ಟ ಇಂಗ್ಲಿಷ್ ನಟಿ ಎಲೆನ್ ಟೆರಿ. ಹುಟ್ಟಿದ್ದು 1847ರಲ್ಲಿ, ಕವೆಂಟ್ರಿಯಲ್ಲಿ. ಅಪ್ಪ ಅಮ್ಮ ಇಬ್ಬರೂ ಊರೂರು ತಿರುಗುವ ನಟರು. ಒಂಬತ್ತನೇ ವಯಸ್ಸಿಗೇ, 1856ರಲ್ಲಿ, ಲಂಡನ್ನಿನ ಪ್ರಿನ್ಸೆಸ್ ಥಿಯೇಟರಿನಲ್ಲಿ ರಾಜಕುಮಾರನ ಪಾತ್ರ. ಮೊದಲ ರಾತ್ರಿಯೇ ಆಟಿಕೆ ಗಾಡಿ ಎಡವಿ ಬಿದ್ದಳು. ಅದೇ ವರ್ಷ ಇನ್ನೊಂದು ನಾಟಕದಲ್ಲಿ ರಂಗದ ನೆಲಬಾಗಿಲಿಗೆ ಕಾಲ್ಬೆರಳು ಸಿಕ್ಕಿಕೊಂಡಿತು. 'ನಾಟಕ ಮುಗಿಸು, ಸಂಬಳ ಎರಡರಷ್ಟು ಮಾಡುತ್ತೇನೆ' ಅಂದಳು ಕಂಪನಿ ಮಾಲೀಕನ ಹೆಂಡತಿ. ಹುಡುಗಿ ನೋವಿನಲ್ಲೇ ಮುಗಿಸಿದಳು. ಸಂಬಳವೂ ಎರಡರಷ್ಟಾಯಿತು!

ಹದಿನಾರು ವಯಸ್ಸಿಗೆ 46 ವರ್ಷದ ಚಿತ್ರಕಾರ ವಾಟ್ಸ್ ಜೊತೆ ಮದುವೆ. ವರ್ಷ ತುಂಬುವ ಮೊದಲೇ ಬೇರೆಯಾದರು. ಆಮೇಲೆ ವಾಸ್ತುಶಿಲ್ಪಿ ಗಾಡ್ವಿನ್ ಜೊತೆ ಮದುವೆಯಿಲ್ಲದೆ ಹಳ್ಳಿಯಲ್ಲಿ ಸಂಸಾರ, ಎರಡು ಮಕ್ಕಳು, ಜಾಸ್ತಿ ಸಾಲ. ರಂಗ ಬಿಟ್ಟು ಆರು ವರ್ಷವಾಗಿತ್ತು. ಒಂದು ದಿನ ಹಳ್ಳಿ ದಾರಿಯಲ್ಲಿ ಗಾಡಿಯ ಚಕ್ರ ಕಳಚಿ ನಿಂತಿದ್ದಾಗ ನಾಟಕಕಾರ ಚಾರ್ಲ್ಸ್ ರೀಡ್ ಎದುರಾದ. ಮತ್ತೆ ಬಣ್ಣ ಹಚ್ಚು ಅಂದ. ವಾರಕ್ಕೆ 40 ಪೌಂಡ್ ಕೊಟ್ಟರೆ ಬರುತ್ತೇನೆ ಅಂದಳು. ಆತ ಹೂಂ ಅಂದೇಬಿಟ್ಟ. ಹೀಗೆ 1874ರಲ್ಲಿ ವಾಪಸ್ ಬಂದಳು. 1878ರಿಂದ ಲಂಡನ್ನಿನ ಲೈಸಿಯಂ ಥಿಯೇಟರಿನಲ್ಲಿ ನಟ ಹೆನ್ರಿ ಇರ್ವಿಂಗ್‌ಗೆ ಜೋಡಿಯಾಗಿ ಎರಡು ದಶಕಕ್ಕೂ ಹೆಚ್ಚು ಕಾಲ ಮೆರೆದಳು.

ಈಗ ಗೌನಿನ ವಿಷಯ. 1888ರ ಡಿಸೆಂಬರ್ 29ರಂದು ಲೈಸಿಯಂನಲ್ಲಿ ಶೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್ ನಾಟಕ ಶುರುವಾಯಿತು. ರಾಜನನ್ನು ಕೊಲ್ಲು ಅಂತ ಗಂಡನಿಗೆ ಕುಮ್ಮಕ್ಕು ಕೊಡುವ ಲೇಡಿ ಮ್ಯಾಕ್‌ಬೆತ್ ಪಾತ್ರ ಟೆರಿಯದು. ಉಡುಪು ಯೋಚಿಸಿದವಳು ಆಲಿಸ್ ಕಾಮಿನ್ಸ್ ಕಾರ್. ನೋಡಿದರೆ ಯೋಧರ ಸರಪಳಿ ಅಂಗಿಯಂತೆಯೂ ಇರಬೇಕು, ಹಾವಿನ ಪೊರೆಯಂತೆಯೂ ಇರಬೇಕು ಅನ್ನೋದು ಅವಳ ಆಸೆ. ಹಸಿರು ನೂಲಿಗೆ ನೀಲಿ ಜರಿ ಸೇರಿಸಿ ಕ್ರೋಶಾ ಹಾಕಿಸಿದಳು. ಹೊಳಪು ಸಾಲಲಿಲ್ಲ. ಆಗ ವಿನ್‌ಸ್ಟನ್ ಚರ್ಚಿಲ್‌ನ ತಾಯಿಯ ಮೈಮೇಲೆ ನೋಡಿದ್ದ, ಹುಳದ ರೆಕ್ಕೆ ಹೊಲಿದ ಬಟ್ಟೆ ನೆನಪಾಯಿತು. ಲೈಸಿಯಂನಲ್ಲಿ ಆಗ ಗ್ಯಾಸ್ ದೀಪ. ಆ ಬೆಳಕಿನಲ್ಲಿ ಟೆರಿ ಅಲುಗಾಡಿದರೆ ಸಾಕು, ಚಿಪ್ಪು ಮಿನುಗುತ್ತಿತ್ತು.

ಟೆರಿಗೆ ಹೆಸರು ಬಂದಿದ್ದು ಶೇಕ್ಸ್‌ಪಿಯರ್ ನಾಟಕಗಳ ಪೋರ್ಷಿಯಾ, ಬಿಯಾಟ್ರಿಸ್ ಥರದ ಚುರುಕು ಮಾತಿನ ಹೆಣ್ಣುಗಳಿಂದ. ಇವಳು ಕೊಲೆಗೆ ಕುಮ್ಮಕ್ಕು ಕೊಡುವವಳಾದಾಳಾ ಅಂತ ಜನಕ್ಕೆ ಅನುಮಾನ. ಆಕೆ ರಾಕ್ಷಸಿಯಾಗಲು ಹೋಗಲೇ ಇಲ್ಲ, ಗಂಡನ ಮೇಲೆ ಪ್ರಾಣ ಇಟ್ಟುಕೊಂಡ ಹೆಂಡತಿಯಾಗಿ ಆಡಿದಳು. ವಿಮರ್ಶಕರು ಎರಡು ಪಾಲಾದರು. ನನಗನಿಸುವುದು, ಹೆದರಿಸುವ ಕೆಲಸ ಗೌನ್ ಮಾಡುತ್ತಿತ್ತು, ಅದಕ್ಕೇ ಆಕೆ ಮೆತ್ತಗೆ ಆಡಬಹುದಾಗಿತ್ತು. ಲೇಖಕ ಆಸ್ಕರ್ ವೈಲ್ಡ್ ಮಾತ್ರ ನಕ್ಕ: ಈ ರಾಣಿ ಗಂಡನಿಗೂ ಆಳುಗಳಿಗೂ ಊರಿನ ಬಟ್ಟೆ ಹೊಲಿಸಿ, ತನ್ನ ಖರೀದಿಗೆ ಮಾತ್ರ ದೂರದ ವೈಭವದ ಪಟ್ಟಣ ಬೈಜಾಂಟಿಯಂಗೆ ಹೋಗುತ್ತಾಳೆ ಅಂತ.

ಮೊದಲ ರಾತ್ರಿ ಸಭೆಯಲ್ಲಿ ಚಿತ್ರಕಾರ ಸಾರ್ಜೆಂಟ್ ಇದ್ದ. ನೀವು ನೋಡಿದ್ದು ಅವನು 1889ರಲ್ಲಿ ಬರೆದ ಚಿತ್ರ, ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಆದರೆ ಕಿರೀಟವನ್ನು ತನ್ನ ತಲೆ ಮೇಲೆ ತಾನೇ ಎತ್ತಿ ಹಿಡಿಯುವ ಆ ದೃಶ್ಯ ನಾಟಕದಲ್ಲಿ ಇಲ್ಲವೇ ಇಲ್ಲ! ಅದು ಸಾರ್ಜೆಂಟ್‌ನ ಕಲ್ಪನೆ. ಟೆರಿಗೆ ಬೇಜಾರಾಗಲಿಲ್ಲ. ತಾನು ಅಭಿನಯದಲ್ಲಿ ತೋರಿಸಬೇಕೆಂದಿದ್ದೆಲ್ಲ ಅದರಲ್ಲಿದೆ ಅಂದಳು.

ಗೌನ್ ಈಗಲೂ ಇದೆ. ಕೆಂಟ್‌ನ ಸ್ಮಾಲ್‌ಹೈತ್ ಪ್ಲೇಸ್‌ನಲ್ಲಿ, 1928ರಲ್ಲಿ ಆಕೆ ತೀರಿಕೊಂಡ ಮನೆಯಲ್ಲೇ. 2011ರ ಹೊತ್ತಿಗೆ ಅದರ ದುರಸ್ತಿ ಮುಗಿಯಿತು. 1,300 ಗಂಟೆಗಳ ಕೆಲಸ, ಒಡೆದ ಚಿಪ್ಪುಗಳಿಗೆ ಜಪಾನಿ ಕಾಗದದ ತೇಪೆ. ನೂಲು ಸವೆದಿತ್ತು, ಜೋತುಬಿದ್ದಿತ್ತು. ಚಿಪ್ಪಿನ ಹಸಿರು ಮಾತ್ರ ಹಾಗೇ ಇತ್ತು. ಅದು ಹಚ್ಚಿದ ಬಣ್ಣ ಅಲ್ವಲ್ಲ, ಚಿಪ್ಪಿನ ಪದರಗಳಿಗೆ ಬೆಳಕು ತಾಗಿ ಹುಟ್ಟುವ ಹೊಳಪು.